ಶಾಸನ ಓದೋಕೆ ಅಗಲದ ಮಾನಿಟರ್ ಬೇಕಾ?

ಫೋಟೊ ಎಡಿಟಿಂಗ್‌ಗೆ 21:9 ಮಾನಿಟರೇ ಸರಿ ಅನ್ನೋ ಮಾತು ಶಾಸನದ ಕೆಲಸಕ್ಕೆ ಹೊಂದಲ್ಲ. ಹಂಪಿ ವಿರೂಪಾಕ್ಷ ಗುಡಿಯ ಕೃಷ್ಣದೇವರಾಯನ ಶಾಸನದಂಥವು ನಿಂತ ಕಲ್ಲುಗಳು, ಫೋಟೊನೂ ಉದ್ದ. ಇಡೀ ಕಲ್ಲು ಕಾಣುವಂತೆ 2:3 ಚಿತ್ರ ತೆರೆದರೆ 1920×1080 ಪರದೆಯಲ್ಲಿ ಅದರ ಅಗಲ 720 ಪಿಕ್ಸೆಲ್. 2560×1080 ತಂದರೂ ಅಷ್ಟೇ, ಅಕ್ಷರ ಕೂದಲೆಳೆಯಷ್ಟೂ ದೊಡ್ಡದಾಗಲ್ಲ. ಹಳೇ ಪರದೆಯನ್ನೇ ನೆಟ್ಟಗೆ ತಿರುಗಿಸಿದರೆ ಚಿತ್ರ 1080×1620, ಅಂದರೆ ಎರಡೂಕಾಲು ಪಟ್ಟು ವಿಸ್ತೀರ್ಣ!

ಹಾಗಾಗಿ ಅಗಲಕ್ಕಿಂತ ಮೊದಲು ತಿರುಗುವ ಸ್ಟ್ಯಾಂಡ್ ನೋಡಿ. ಪ್ಯಾನೆಲ್ ಐಪಿಎಸ್ ಇರಲಿ. ಟಿಎನ್ ಪ್ಯಾನೆಲ್ ತಿರುಗಿಸಿಟ್ಟರೆ ತಲೆ ಅತ್ತಿತ್ತ ಸರಿದಾಗಲೆಲ್ಲ ನೆರಳಿನ ಛಾಯೆ ಬದಲಾಗುತ್ತೆ. ಚಕ್ಕೆ ಎದ್ದ ಜಾಗ ಅನುಸ್ವಾರದಂತೆ ಕಾಣಬಹುದು. ಒಂದು ಸೊನ್ನೆ ತಪ್ಪಿದರೆ ಪಾಠವೇ ತಪ್ಪು. ಅನುಮಾನದ ಅಕ್ಷರಕ್ಕೆ ಮಾತ್ರ ಯಾವ ಪರದೆಯೂ ಸಾಕ್ಷಿಯಲ್ಲ. ಓರೆಬಿಸಿಲಲ್ಲಿ ಕಲ್ಲಿನ ಮುಂದೆ ನಿಂತೇ ತೀರ್ಮಾನಿಸಬೇಕು.