ಪಂಚುವಿನ ಬಟ್ಟೆಗಂಟು

ದೇಶಭಕ್ತಿಯೆಂದರೆ ಪ್ರೀತಿ, ರಾಷ್ಟ್ರೀಯವಾದವೆಂದರೆ ದ್ವೇಷ ಎಂಬ ಉತ್ತರವನ್ನು ವಿಚಾರ ಸಂಕಿರಣಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ತನ್ನದು ದ್ವೇಷವೆಂದು ಯಾರೂ ಒಪ್ಪಿಕೊಳ್ಳುವುದಿಲ್ಲ; ಹಾಗಾಗಿ ಈ ವ್ಯಾಖ್ಯೆಯಿಂದ ಯಾರನ್ನೂ ಗುರುತಿಸಲಾಗದು. ರವೀಂದ್ರನಾಥ ಠಾಕೂರರ ‘ಘರೇ ಬೈರೆ’ (1916) ಇದಕ್ಕಿಂತ ಒರಟಾದ ಪ್ರಶ್ನೆಯೊಂದನ್ನು ಕೇಳುತ್ತದೆ: ದೇಶಕ್ಕಾಗಿ ಮಾಡುವ ತ್ಯಾಗದ ಖರ್ಚು ಯಾರ ಲೆಕ್ಕಕ್ಕೆ?

ಬಂಗಾಳ ವಿಭಜನೆಯ ವಿರುದ್ಧ 1905ರಲ್ಲಿ ಎದ್ದ ಸ್ವದೇಶಿ ಚಳವಳಿ ಕಾದಂಬರಿಯ ಹಿನ್ನೆಲೆ. ಠಾಕೂರರು ಅದನ್ನು ದೂರದಿಂದ ನೋಡಿದವರಲ್ಲ. ಹಾಡು ಬರೆದರು, ಬೀದಿಗಿಳಿದು ಜನರ ಕೈಗೆ ರಾಖಿ ಕಟ್ಟಿದರು, ಆಮೇಲೆ ಹಿಂದೆ ಸರಿದರು. ಕಾದಂಬರಿಯಲ್ಲಿ ಜಮೀನ್ದಾರ ನಿಖಿಲೇಶ ತನ್ನ ಸಂತೆಯಲ್ಲಿ ವಿದೇಶಿ ಮಾಲನ್ನು ಬಲವಂತವಾಗಿ ನಿಲ್ಲಿಸಲು ಒಪ್ಪುವುದಿಲ್ಲ. ಅವನ ಗೆಳೆಯ, ಮಾತಿನ ಮಲ್ಲ ಸಂದೀಪನಿಗೆ ಬಲವಂತದಲ್ಲಿ ತಪ್ಪೇನೂ ಕಾಣುವುದಿಲ್ಲ. ನಿಖಿಲನ ಹೆಂಡತಿ ಬಿಮಲಾ ಸಂದೀಪನ ಮಾತಿಗೆ ಮರುಳಾಗುತ್ತಾಳೆ.

ಚರ್ಚೆಗಳೆಲ್ಲ ಈ ಮೂವರ ಸುತ್ತಲೇ ಸುತ್ತುತ್ತವೆ. ನನ್ನನ್ನು ಕಾಡುವವನು ಪಂಚು. ಪಕ್ಕದ ಜಮೀನ್ದಾರ ಹರೀಶ ಕುಂಡುವಿನ ಒಕ್ಕಲು ಅವನು, ಬಟ್ಟೆ ಮಾರಿ ಹೊಟ್ಟೆ ಹೊರೆಯುವವನು. ವಿದೇಶಿ ಬಟ್ಟೆ ಇಟ್ಟುಕೊಂಡ ತಪ್ಪಿಗೆ ಅವನಿಗೆ ನೂರು ರೂಪಾಯಿ ದಂಡ ಬೀಳುತ್ತದೆ. ಎದುರಿಗೇ ಸುಟ್ಟರೆ ಬಿಟ್ಟೇನು ಎನ್ನುತ್ತಾನೆ ಧಣಿ. ನನಗೆ ಆ ಶಕ್ತಿಯಿಲ್ಲ, ನೀವು ಉಳ್ಳವರು, ಕೊಂಡುಕೊಂಡು ನೀವೇ ಸುಡಿ ಎಂಬರ್ಥದ ಮಾತನ್ನು ಪಂಚು ಆಡಿಬಿಡುತ್ತಾನೆ. ದಂಡದ ಜೊತೆಗೆ ಅವಮಾನವೂ ಸೇರುತ್ತದೆ. ಇಡೀ ಕಾದಂಬರಿಯಲ್ಲಿ ಇದಕ್ಕಿಂತ ಚೂಪಾದ ರಾಜಕೀಯ ವಾಕ್ಯ ನನಗೆ ಸಿಕ್ಕಿಲ್ಲ.

ಇದರ ಪಕ್ಕದಲ್ಲಿ ನಿಖಿಲನ ಹಳೆಯ ಸ್ವದೇಶಿಯನ್ನು ಇಟ್ಟು ನೋಡಬೇಕು. ಚಳವಳಿಯ ಗದ್ದಲ ಏಳುವ ಮೊದಲೇ ಅವನು ದೇಶಿ ಪೆನ್ಸಿಲನ್ನು ದೇಶಿ ಚಾಕುವಿನಿಂದ ಕೆತ್ತುತ್ತಿದ್ದ, ಲಾಳದ ಕಡ್ಡಿಯ ಲೇಖನಿಯಿಂದ ಬರೆಯುತ್ತಿದ್ದ, ಹರಳೆಣ್ಣೆ ದೀಪದಲ್ಲಿ ಓದುತ್ತಿದ್ದ. ದೇಶಿ ಉದ್ದಿಮೆಗಳಿಗೆ ಹಣ ಹಾಕಿ ಕಳೆದುಕೊಂಡ. ಬಿಮಲಾಗೆ ಇದೆಲ್ಲ ಮುಜುಗರ! ಇದರಲ್ಲಿ ಜಯಕಾರವಿಲ್ಲ, ಉರಿಯಿಲ್ಲ, ನೋಡಲು ಜನರೂ ಇಲ್ಲ. ದೇಶಭಕ್ತಿಗೂ ರಾಷ್ಟ್ರೀಯವಾದಕ್ಕೂ ಇರುವ ಅಂತರ ನನಗೆ ಕಾಣುವುದು ಇಲ್ಲಿ. ನಿಖಿಲ ತನ್ನ ಗಂಟನ್ನು ಕಳೆದುಕೊಳ್ಳುತ್ತಾನೆ; ಸಂದೀಪನ ರಾಷ್ಟ್ರಕ್ಕೆ ಪಂಚುವಿನ ಗಂಟು ಬೇಕು.

ಸಂದೀಪನಲ್ಲಿ ಗಾಂಧಿಯ ವ್ಯಂಗ್ಯಚಿತ್ರವಿದೆಯೆಂದು ಹಂಗೇರಿಯ ವಿಮರ್ಶಕ ಲುಕಾಚ್ 1922ರಲ್ಲಿ ಕಾದಂಬರಿಯನ್ನು ಕಟುವಾಗಿ ಟೀಕಿಸಿದ. ಅಸಹಕಾರ ಚಳವಳಿ ಆರಂಭವಾದದ್ದು 1920ರಲ್ಲಿ. ಕಾದಂಬರಿ ಅದಕ್ಕಿಂತ ಮೊದಲಿನದು. ಆದರೆ ವಿದೇಶಿ ಬಟ್ಟೆ ಸುಡುವ ವಿಚಾರದಲ್ಲಿ 1921ರಲ್ಲಿ ಠಾಕೂರರು ಗಾಂಧಿಯೊಂದಿಗೆ ವಾದಕ್ಕಿಳಿದದ್ದಂತೂ ನಿಜ.

ಹಾಗೆಂದು ನಿಖಿಲನಿಗೆ ಪೂರ್ತಿ ಅಂಕ ಕೊಡಲು ನನಗೆ ಮನಸ್ಸಿಲ್ಲ. ಅವನ ನಷ್ಟ ಜಮೀನ್ದಾರಿಯ ಖಾತೆಪುಸ್ತಕದಲ್ಲಿ ಒಂದು ಸಾಲು. ಕಳೆದುಕೊಂಡ ಮೇಲೂ ಉದಾರವಾಗಿರಲು ಅವನ ಬಳಿ ಹಣ ಉಳಿದಿರುತ್ತದೆ, ಮತ್ತು ಆ ಹಣ ಬಂದದ್ದು ಪಂಚುವಿನಂಥ ಒಕ್ಕಲುಗಳಿಂದಲೇ. ಠಾಕೂರರಿಗೂ ಸ್ವಂತ ಜಮೀನ್ದಾರಿಯಿತ್ತು. ಈ ಇಕ್ಕಟ್ಟು ಅವರಿಗೆ ತಿಳಿದಿರಲಿಲ್ಲವೆಂದು ನಾನು ನಂಬಲಾರೆ.

ಕೊನೆಗೆ ಗಲಭೆ ಏಳುತ್ತದೆ. ಬೆಂಕಿಗೆ ತುಪ್ಪ ಸುರಿದ ಸಂದೀಪ ಊರು ಬಿಡುತ್ತಾನೆ, ನಿಖಿಲ ಕುದುರೆಯೇರಿ ಗಲಭೆಯೊಳಕ್ಕೇ ಹೋಗಿ ತಲೆಗೆ ಪೆಟ್ಟು ತಿನ್ನುತ್ತಾನೆ. ಕಾದಂಬರಿಯನ್ನು ಮೂವರು ಸರದಿಯಂತೆ ತಮ್ಮ ತಮ್ಮ ಆತ್ಮಕಥೆಯಾಗಿ ಹೇಳುತ್ತಾರೆ: ಬಿಮಲಾ, ನಿಖಿಲೇಶ, ಸಂದೀಪ. ಪಂಚುವಿನ ಆತ್ಮಕಥೆ ಅದರಲ್ಲಿಲ್ಲ.