ಮೊಬೈಲು ತರಗತಿಯ ಟಿವಿಯಲ್ಲ

ತರಗತಿಯೊಳಗೆ ಮೊಬೈಲು ಬಿಡಬೇಕೋ ಬೇಡವೋ ಎಂಬ ಜಗಳ ಎದ್ದಾಗಲೆಲ್ಲ ಎರಡೇ ಪಕ್ಷ. ಒಬ್ಬರಿಗೆ ಅದು ಮಕ್ಕಳನ್ನು ಕೆಡಿಸುವ ಪಿಶಾಚಿ, ಇನ್ನೊಬ್ಬರಿಗೆ ಮೇಷ್ಟರ ಕೊರತೆಯನ್ನೇ ತುಂಬಿಕೊಡುವ ಸ್ಮಾರ್ಟ್ ಕ್ಲಾಸು. ಮೊದಲನೆಯವರು 2018ರಲ್ಲಿ ಫ್ರಾನ್ಸ್ ತಂದ ನಿಷೇಧವನ್ನು ತೋರಿಸುತ್ತಾರೆ, ಎರಡನೆಯವರು ನಮ್ಮ ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು. ಇಬ್ಬರೂ ಮರುಮಾತಿಲ್ಲದೆ ಒಪ್ಪಿಕೊಂಡ ಸಂಗತಿಯೊಂದಿದೆ: ಮೊಬೈಲೆಂದರೆ ಮಗು ನೋಡುತ್ತ ಕೂರುವ ವಸ್ತು. ನನ್ನ ತಕರಾರು ಇದರ ಮೇಲೆ.

ಈ ನಂಬಿಕೆ ಮೊಬೈಲಿಗಿಂತ ಹಳೆಯದು. 1975ರ ಆಗಸ್ಟಿನಿಂದ ಒಂದು ವರ್ಷ ಸೈಟ್ ಯೋಜನೆಯಡಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ಟಿವಿ ಕಾರ್ಯಕ್ರಮ ಬಂತು. ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳೂ ಅದರಲ್ಲಿದ್ದವು. 2004ರಲ್ಲಿ ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹ ಎಜುಸ್ಯಾಟ್ ಹಾರಿತು, ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೂ ಅದರ ಪಾಠ ಇಳಿಯಿತು. 2017ರಲ್ಲಿ ಪಾಠಗಳ ಆನ್‌ಲೈನ್ ವೇದಿಕೆ ದೀಕ್ಷಾ ಬಂತು. ಪೆಟ್ಟಿಗೆ ಕಿರಿದಾಗುತ್ತ ಜೇಬು ಸೇರಿದೆ, ಮಗು ಮಾತ್ರ ಕೈಕಟ್ಟಿ ಕೂತಲ್ಲೇ ಕೂತಿದೆ.

ಕೊರೊನಾ ಕಾಲದಲ್ಲೂ ಇದೇ ಆಯಿತು. ಮೇಷ್ಟರು ನೋಟ್ಸಿನ ಫೋಟೊ ವಾಟ್ಸಾಪ್ ಗ್ರೂಪಿಗೆ ಹಾಕುವರು. ಅಪ್ಪ ಕೂಲಿ ಮುಗಿಸಿ ಬಂದ ಮೇಲೆ ಫೋನು ಮಗುವಿನ ಕೈಗೆ. ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ, ನಕಲಿಳಿಸಿ, ಅದರ ಫೋಟೊ ತೆಗೆದು ವಾಪಸು ಕಳಿಸಿದರೆ ಮೇಷ್ಟರಿಂದ ಒಂದು ಹೆಬ್ಬೆರಳು. ಮೂಲದಲ್ಲಿದ್ದ ಕಾಗುಣಿತದ ತಪ್ಪು ಇಡೀ ತರಗತಿಯ ನೋಟ್‌ಬುಕ್ಕುಗಳಿಗೂ ಹಂಚಿಕೆಯಾಗುತ್ತಿತ್ತು. ಇದಕ್ಕೆ ಆನ್‌ಲೈನ್ ಶಿಕ್ಷಣವೆಂದು ಹೆಸರಿಟ್ಟು, ಅದು ಸೋತಿತೆಂದು ತೀರ್ಪನ್ನೂ ಕೊಟ್ಟೆವು. ಕರಿಹಲಗೆಯಿಂದ ನಕಲಿಳಿಸುವುದು ಯಾವತ್ತೋ ಸೋತಿತ್ತು. ಹಾಗೆಂದು ಯಾರೂ ಕರಿಹಲಗೆಯನ್ನು ದೂರಲಿಲ್ಲ.

ಫೋನನ್ನು ಶಾಲೆಯ ಗೇಟಿನಲ್ಲಿ ತಡೆದರೆ ಮುಗಿಯಿತೆನ್ನುವವರು ಗ್ರಾಮೀಣ ಮಕ್ಕಳ ಕಲಿಕೆಯ ಸಮೀಕ್ಷೆಯಾದ ಅಸರ್‌ನ 2024ರ ವರದಿ ನೋಡಬೇಕು. ಗ್ರಾಮೀಣ ಭಾರತದ 14ರಿಂದ 16 ವಯಸ್ಸಿನವರಲ್ಲಿ ಶೇ. 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಕಲಿಕೆಗೆ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಕ್ಕೆ ಶೇ. 76. ಶಾಲೆ ಕಲಿಸದೆ ಬಿಟ್ಟದ್ದನ್ನು ರೀಲ್ಸು ಕಲಿಸುತ್ತಿದೆ.

ಫೋನು ನೋಡುವುದಕ್ಕಷ್ಟೇ ಅಲ್ಲ, ಬರೆಯುವುದಕ್ಕೂ ಆಗುತ್ತದೆ. ಕೋಲಾರದ ಕಡೆ ನನಗೆ ಗೊತ್ತಿರುವ ಕನ್ನಡ ಮೇಡಂ ಒಬ್ಬರು ತಮ್ಮದೊಂದೇ ಫೋನಿನಲ್ಲಿ ಒಂಬತ್ತನೇ ತರಗತಿಯ ಬ್ಲಾಗು ನಡೆಸುತ್ತಾರೆ. ಊರ ಕೆರೆಯ ಬಗ್ಗೆ ಮಕ್ಕಳು ಮೊದಲು ಬರೆದದ್ದು ಗೈಡಿನ ಭಾಷೆಯಲ್ಲೇ: ಕೆರೆಯು ಗ್ರಾಮಸ್ಥರ ಜೀವನಾಡಿಯಾಗಿದೆ. ಬೆಂಗಳೂರು ಸೇರಿದ ಅದೇ ಊರಿನ ಹಿರಿಯರೊಬ್ಬರು ಕೆಳಗೆ ಕೇಳಿದರು, ‘ಯಾವ ತೂಬಿನ ನೀರು ಈಗಲೂ ಗದ್ದೆಗೆ ಹೋಗುತ್ತೆ? ಕೊನೇ ಸಲ ಕೋಡಿ ಬಿದ್ದಿದ್ದು ಯಾವಾಗ?’ ಗೈಡಿನಲ್ಲಿ ಉತ್ತರವಿರಲಿಲ್ಲ. ಮಕ್ಕಳು ಹಳೆಯ ನೀರಗಂಟಿಯ ಮನೆಗೆ ಹೋದರು, ಅವನ ಮಾತಿಗೂ ಪಕ್ಕದ ಮನೆಯ ಅಜ್ಜಿಯ ಮಾತಿಗೂ ತಾಳೆಯಾಗದೆ ಇಬ್ಬರದ್ದನ್ನೂ ಬರೆದರು. ಎರಡನೇ ಬರಹದಲ್ಲಿ ಜೀವನಾಡಿ ಮಾಯವಾಗಿತ್ತು. ಮೇಡಂ ವರ್ಷಗಟ್ಟಲೆ ಸುರಿದ ಕೆಂಪು ಶಾಯಿಗೆ ಆಗದ್ದು ಒಬ್ಬ ಅಪರಿಚಿತ ಓದುಗನ ಎರಡು ಪ್ರಶ್ನೆಗೆ ಆಯಿತು. ಇನ್ನೊಂದು ಲಾಭವೂ ಉಂಟು: ಗೆಳೆಯರಿಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುವ ಹುಡುಗರು ಇಲ್ಲಿ ‘ಗ್ರಾಮಸ್ಥ’ದ ಒತ್ತಕ್ಷರ ಮೂಡಿಸಲು ಒದ್ದಾಡಿ ಕಲಿತರು.

ಸುರಕ್ಷತೆಯ ಭಯ ಸುಳ್ಳಲ್ಲ. ಆದರೆ ಮಕ್ಕಳ ಹೆಸರು, ಫೋಟೊ ಹಾಕಲೇಬೇಕೆಂದಿಲ್ಲ. ಪ್ರತಿಕ್ರಿಯೆಗಳು ಮೇಷ್ಟರ ಕಣ್ಣು ದಾಟಿಯೇ ಹೊರಬರಲಿ. ನಿಜವಾದ ಅಡ್ಡಿ ಬೇರೆ. ಮೇಷ್ಟರ ಫೋನು ಆಗಲೇ ಇಲಾಖೆಯ ಚಾಕರಿಯಲ್ಲಿದೆ: ಸ್ಯಾಟ್ಸ್ ಜಾಲತಾಣಕ್ಕೆ ಮಕ್ಕಳ ಮಾಹಿತಿ, ಬಿಸಿಯೂಟದ ಲೆಕ್ಕ, ಕಾರ್ಯಕ್ರಮದ ಫೋಟೊ. ಅದು ಮುಗಿದ ಮೇಲೆ ಬ್ಲಾಗಿಗೆ ಉಳಿಯುವುದು ರಾತ್ರಿ ಮಾತ್ರ. ಮಕ್ಕಳಿಗೂ ಬ್ಲಾಗಿನಿಂದ ಅಂಕವಿಲ್ಲ. ಎಸ್ಸೆಸ್ಸೆಲ್ಸಿಯ ಬಹುತೇಕ ವಿಷಯಗಳಿಗೆ 20 ಆಂತರಿಕ ಅಂಕಗಳಿವೆಯಲ್ಲ, ಆ ಅಂಕಕ್ಕಾಗಿ ಮಕ್ಕಳು ಸೈಬರ್ ಸೆಂಟರಿನಲ್ಲಿ ಪ್ರಿಂಟು ಹಾಕಿಸಿ ತರುವ ಪ್ರಾಜೆಕ್ಟುಗಳ ಜಾಗದಲ್ಲಿ ನೀರಗಂಟಿಯ ಬರಹವನ್ನು ಇಡಲು ಹೊಸ ಆ್ಯಪೂ ಬೇಡ, ಟೆಂಡರೂ ಬೇಡ; ಒಂದು ಸುತ್ತೋಲೆ ಸಾಕು.