ಉದ್ಧಟತನವೆಂಬ ಒಂದೇ ಮಾತು

ಆಂಗ್ಲಭಾಷೆಯ ಇಂಪ್ಯುಡೆನ್ಸ್, ಇನ್ಸೊಲೆನ್ಸ್, ಇಂಪರ್ಟಿನೆನ್ಸ್ ಎಂಬ ಮೂರು ಶಬ್ದಗಳಿಗೂ ಅನುವಾದಕರು ‘ಉದ್ಧಟತನ’ವೆಂಬ ಒಂದೇ ಮಾತನ್ನು ಕೊಟ್ಟು ಕೈತೊಳೆದುಕೊಳ್ಳುವುದುಂಟು. ಇದು ಉಚಿತವಲ್ಲ. ಮೊದಲನೆಯದರ ಲ್ಯಾಟಿನ್ ಮೂಲಕ್ಕೆ ನಾಚಿಕೆಯಿಲ್ಲದಿರುವಿಕೆಯೆಂದರ್ಥ. ತಪ್ಪುಮಾಡಿ ಗದರಿಸಿಕೊಂಡರೂ ನಾಚದ ನಾಯಕನನ್ನು ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ‘ಧೃಷ್ಟ’ನೆಂದು ಕರೆದಿರುವುದರಿಂದ, ಇಲ್ಲಿಗೆ ಧಾರ್ಷ್ಟ್ಯವೇ ಸಲ್ಲುವ ಮಾತು. ಎರಡನೆಯದರಲ್ಲಿ ಎದುರಿಗಿರುವವರ ಮೇಲಣ ತಿರಸ್ಕಾರವು ಬೆರೆತಿದೆ, ಅದಕ್ಕೆ ಉದ್ಧಟತನವಾಗಬಹುದು.

ಮೂರನೆಯದೇ ಸೂಕ್ಷ್ಮವಾದುದು. ಪ್ರಸ್ತುತಕ್ಕೆ ಸಂಬಂಧಿಸದುದೆಂಬುದು ಅದರ ಮೂಲಾರ್ಥ. 1813ರಲ್ಲಿ ಪ್ರಕಟವಾದ ಜೇನ್ ಆಸ್ಟೆನ್ನಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯ ಕೊನೆಯಲ್ಲಿ ಎಲಿಜಬೆತ್ತಳು, ತನ್ನನ್ನು ವರಿಸಲಿರುವ ಡಾರ್ಸಿಯನ್ನು, ತನ್ನ ಇಂಪರ್ಟಿನೆನ್ಸಿಗಾಗಿಯೇ ಮೆಚ್ಚಿದಿರಾ ಎಂದು ಕೇಳುತ್ತಾಳೆ. ಅವನು ಅದನ್ನು ಬುದ್ಧಿಯ ಚುರುಕೆಂದು ತಿದ್ದುತ್ತಾನೆ, ಅವಳು ಒಪ್ಪಳು. ಇಲ್ಲಿ ‘ಉದ್ಧಟತನ’ವೆಂದರೆ ಸರಸವು ಜಗಳವಾದೀತು. ಮಾತಿನಮಲ್ಲಿಯಾದ ಹುಡುಗಿಯನ್ನು ಮನೆಯ ಹಿರಿಯರು ಗದರುತ್ತ, ಒಳಗೊಳಗೇ ಮೆಚ್ಚುತ್ತ ಆಡುವ ‘ಅಧಿಕಪ್ರಸಂಗ’ವಿದೆಯಷ್ಟೆ! ಪ್ರಸಂಗವನ್ನು ಮೀರಿದುದೆಂಬ ಅದರ ವ್ಯುತ್ಪತ್ತಿಯೂ ಲ್ಯಾಟಿನ್ನಿನ ಅರ್ಥಕ್ಕೆ ಸಮೀಪವಾದುದೇ. ಹೇಳದೆ ಕೇಳದೆ ಮನೆಗೆ ಬಂದು, ಡಾರ್ಸಿಯನ್ನು ವರಿಸಕೂಡದೆಂದು ಎಲಿಜಬೆತ್ತಳಿಗೆ ಅಪ್ಪಣೆಮಾಡುವ ಲೇಡಿ ಕ್ಯಾಥರೀನಳದಾದರೋ ಅಪ್ಪಟ ಉದ್ಧಟತನ. ಅನುವಾದಕರು ಆ ಮಾತನ್ನು ಅವಳಿಗಾಗಿ ಉಳಿಸಿಡಬೇಕು.